ಸೋಜಿಗದ ವಹಿ ತಿಂದ ಆಡು

ಬೆಳಗಿನ ಚಹಾದ ಹೊತ್ತಿಗೆ ಸಖೂಬಾಯಿಯವರ ಮನೆಗೆ ಬರುವವರು ಎರಡೇ ಬಗೆ. ಇಂಜೆಕ್ಷನ್ ಮಾಡಿಸಿಕೊಳ್ಳಲು ಬರುವವರು ಕೆಲವರು, ತಲೆ ಕೆಡಿಸಿದ ಗಂಟೊಂದನ್ನು ಬಿಡಿಸಿಕೊಳ್ಳಲು ಬರುವವರು ಉಳಿದವರು. ೧೯೬೭ರ ಫೆಬ್ರುವರಿಯ ಆ ಗುರುವಾರ ಬಂದ ಹೆಂಗಸು ಯಾವ ಬಗೆಯವಳೆಂದು ಟಾಂಗಾ ಯಾಕೂಬನಿಗೆ ತಿಳಿಯಲಿಲ್ಲ. ಆಕೆಯ ಕೈಯಲ್ಲೊಂದು ಹಗ್ಗವಿತ್ತು, ಹಗ್ಗದ ತುದಿಗೆ ಕರಿಯ ಆಡೊಂದಿತ್ತು, ಆ ಆಡು ಆಗಲೇ ಅವನ ಕುದುರೆಯ ಹುಲ್ಲಿಗೆ ಬಾಯಿ ಹಾಕಿತ್ತು.

ಸಖೂಬಾಯಿ ವಿಜಾಪುರದ ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ. ಖರೇ ಹೊಟ್ಟೆನೋವು ಯಾವುದು, ಸುಳ್ಳು ಹೊಟ್ಟೆನೋವು ಯಾವುದು ಎಂದು ಮುಖ ನೋಡಿಯೇ ಹೇಳುತ್ತಿದ್ದ ಅವರ ಕಣ್ಣು ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಪೊಲೀಸರ ಮುಂದೆ ಹೇಳಿಕೊಳ್ಳಲಾಗದ್ದನ್ನೆಲ್ಲ ಜನ ಇವರ ಮುಂದೆ ತಂದು ಸುರಿಯುತ್ತಿದ್ದರು. ಹದಿನಾರು ವರ್ಷದಿಂದ ಇವರನ್ನು ಟಾಂಗಾದಲ್ಲಿ ಕೂರಿಸಿಕೊಂಡು ತಿರುಗಿದವನು ಯಾಕೂಬ. ಅವನಿಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ, ಸಖೂಬಾಯಿಗೆ ಅವಸರವೆಂದರೇನೆಂದು ಗೊತ್ತಿಲ್ಲ. ಈ ಜೋಡಿ ಅಷ್ಟು ವರ್ಷ ಹೇಗೆ ಬಾಳಿತೋ ದೇವರೇ ಬಲ್ಲ.

ಹೆಂಗಸಿನ ಹೆಸರು ರಾಚವ್ವ. ಟಿಕೋಟಾದಿಂದ ಶೇಂಗಾ ಹೇರಿದ ಲಾರಿಯಲ್ಲಿ ಆಡಿನ ಸಮೇತ ಬಂದಿದ್ದಳು. ಕೂರು ಎಂದರೂ ಕೂರದೆ ನಿಂತೇ ಹೇಳಿದಳು. ಗಂಡ ಗೊಲ್ಲಾಳಪ್ಪ ಕನಮಡಿಯ ಕುರಿಗಾರರ ಮನೆಯವನು, ಒಂಬತ್ತು ವರ್ಷದಿಂದ ಟಿಕೋಟಾದ ವಾಚನಾಲಯದಲ್ಲಿ ಕಸ ಗುಡಿಸಿ ನೀರು ತುಂಬುವ ಸಿಪಾಯಿ. ಬರುವ ತಿಂಗಳು ಸರಕಾರ ಆ ವಾಚನಾಲಯವನ್ನು ತನ್ನ ಕೈಗೆ ತೆಗೆದುಕೊಳ್ಳುವುದಿತ್ತು. ಆಗ ಅವನ ನೌಕರಿ ಕಾಯಂ ಆಗುತ್ತಿತ್ತು. ಅಷ್ಟರಲ್ಲಿ ಈ ಆಡು ಎಲ್ಲವನ್ನೂ ತಿಂದು ಹಾಕಿತು ಎಂದು ಊರೇ ಹೇಳುತ್ತಿತ್ತು.

ಆಡು ತಿಂದದ್ದು ಅಂಬಾದಾಸ ಮಾಸ್ತರರ ವಹಿಯನ್ನು. ಮಾಸ್ತರರು ಹನ್ನೊಂದು ವರ್ಷದಿಂದ ವಾಚನಾಲಯದ ಮುಂದಿನ ಕರಿಹಲಗೆಯ ಮೇಲೆ ದಿನಕ್ಕೊಂದು ಸೋಜಿಗದ ಸಂಗತಿ ಬರೆಯುತ್ತಿದ್ದರು. ಎಂಟು ಕಾಲಿನ ಒಂದು ಸಮುದ್ರಪ್ರಾಣಿಗೆ ಮೂರು ಗುಂಡಿಗೆ ಇರುತ್ತವೆ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಬೇಕು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಇಂಥವು. ಹೊಲಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು ಹಲಗೆಯ ಮುಂದೆ ನಿಂತು ಓದಿಯೇ ಮುಂದಕ್ಕೆ ಹೋಗುವುದು. ಬರೆದದ್ದೆಲ್ಲ ಒಂದು ದಪ್ಪ ವಹಿಯಲ್ಲಿ ಏರುತ್ತಿತ್ತು, ಧಾರವಾಡದ ಒಬ್ಬ ಪ್ರಕಾಶಕರು ಅದನ್ನು ಅಚ್ಚು ಹಾಕಲು ಒಪ್ಪಿದ್ದರು. ಸೋಮವಾರ ಮಧ್ಯಾಹ್ನ ಗೊಲ್ಲಾಳಪ್ಪ ನೀರು ತರಲು ಹೋಗಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಒಳಗೆ ಆಡಿತ್ತು, ಆಡಿನ ಬಾಯಲ್ಲಿ ಹಾಳೆ ಇತ್ತು. ಬಾಗಿಲ ಚಿಲಕ ಹಾಕಿಯೇ ಹೋಗಿದ್ದೆ, ನಮ್ಮ ಆಡನ್ನು ವಾಚನಾಲಯದ ಹಿತ್ತಲಲ್ಲಿ ಕಟ್ಟಿಯೇ ಇಟ್ಟಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ ಸಂಜೆ ವಾಚನಾಲಯದ ಪಂಚರು ಕೂಡುವವರಿದ್ದರು. ಅವರು ಒಂದು ತಕರಾರು ಬರೆದು ಮೇಲಕ್ಕೆ ಕಳಿಸಿದರೆ ಗೊಲ್ಲಾಳಪ್ಪನ ಕೆಲಸ ಹೋದಂತೆಯೇ.

"ನಾಳೀನ ಐತ್ರಿ ಯವ್ವಾ. ಊಟ ಸೈತ ಬಿಟ್ಟಾನ," ಎಂದಳು ರಾಚವ್ವ.

ಸಖೂಬಾಯಿ ಬಸಿಯಲ್ಲಿ ಚಹಾ ಆರಿಸುತ್ತ ಯಾಕೂಬನಿಗೆ ಆಡಿನ ಬಾಯಿ ನೋಡಲು ಹೇಳಿದರು. ಯಾಕೂಬ ಕುದುರೆ ವ್ಯಾಪಾರದವರ ಮಗ, ಬಾಯಿ ಬಿಡಿಸುವ ಕೆಲಸವನ್ನು ತೊಟ್ಟಿಲಿನಿಂದಲೇ ಕಲಿತವನಂತೆ ಮಾಡುತ್ತಿದ್ದ. ಬೆರಳು ತೂರಿಸಿ ಮುಂದಿನ ಹಲ್ಲು ಸವರಿದ. ಕೆಳಗೆ ಸಾಲು ನೆಟ್ಟಗಿತ್ತು. ಮೇಲೆ ಮುಟ್ಟಿದರೆ ಬರಿಯ ವಸಡು, ಕಲ್ಲಿನಂತೆ ಗಟ್ಟಿ.

"ಮುದಿ ಆಗೇತ್ರಿ ಅಕ್ಕಾರ. ಮ್ಯಾಲಿನ ಹಲ್ಲೆಲ್ಲಾ ಉದರ್ಯಾವ," ಎಂದ ಅವನು.

"ಎರಡ ಸಲ ಈದ ಆಡಿಗೆ ಮುದಿ ಅಂತಾನಲ್ಲ ಈ ಯಪ್ಪಾ," ಎಂದು ರಾಚವ್ವ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಸಖೂಬಾಯಿ ಕೈ ಎತ್ತಿ ತಡೆದರು. ಅದನ್ನು ನಾಳೆ ನಿನ್ನ ಗಂಡನ ಬಾಯಿಂದಲೇ ಕೇಳೋಣ ಎಂದು ಹೇಳಿ, ಟಾಂಗಾ ಕಟ್ಟಿಸಿದರು.

ಟಿಕೋಟಾಕ್ಕೆ ಹನ್ನೆರಡು ಮೈಲಿ. ಒಂದು ಆಡಿನ ಸಲುವಾಗಿ ಇಷ್ಟು ದೂರ ಎಂದು ಯಾಕೂಬ ದಾರಿಯುದ್ದಕ್ಕೂ ಗೊಣಗಿದ. ಹಿಂದೆ ಕೂತ ಆಡು ಅವನ ಕುತ್ತಿಗೆಯ ವಸ್ತ್ರವನ್ನು ಜಗ್ಗುತ್ತಿದ್ದರೆ ಸಿಟ್ಟು ಇನ್ನೂ ಏರುತ್ತಿತ್ತು. ಆದರೆ ರಾಚವ್ವ ಇನ್ನೊಂದು ಸುದ್ದಿ ಹೇಳಿದಾಗ ಅವನ ಕಿವಿ ನೆಟ್ಟಗಾಯಿತು. ವಾಚನಾಲಯದ ಅಧ್ಯಕ್ಷ ಸಿದ್ದರಾಯಪ್ಪನವರು ತಮ್ಮ ಹಿರಿಯರು ವಿಜಾಪುರದ ಕೋಟೆಯ ಮಲಿಕ್-ಎ-ಮೈದಾನ್ ತೋಪಿಗೆ ಬತ್ತಿ ಇಟ್ಟವರೆಂದು ಮೀಸೆ ತಿರುವುತ್ತಿದ್ದರಂತೆ. ಆ ತೋಪನ್ನು ೧೮೫೪ರಲ್ಲಿ ಲಿಲಾವಿಗೆ ಇಟ್ಟಾಗ ನೂರೈವತ್ತು ರೂಪಾಯಿಗಿಂತ ಹೆಚ್ಚಿಗೆ ಯಾರೂ ಕೂಗಲಿಲ್ಲ ಎಂದು ಮಾಸ್ತರರು ಹಲಗೆಯ ಮೇಲೆ ಬರೆದರು. ಊರು ನಕ್ಕಿತು. ಅಂದಿನಿಂದ ಆ ವಹಿಯನ್ನು ಸುಟ್ಟೇ ಬಿಡುತ್ತೇನೆಂದು ಸಿದ್ದರಾಯಪ್ಪ ಎಲ್ಲರೆದುರು ಹೇಳುತ್ತಿದ್ದರು. ಕಳ್ಳ ಸಿಕ್ಕ ಎಂದು ಯಾಕೂಬ ಚಾವಟಿ ಬೀಸಿದ.

ವಾಚನಾಲಯವೆಂದರೆ ಒಂದೇ ಕೋಣೆ, ಎರಡು ಕಪಾಟು ಪುಸ್ತಕ, ಒಂದು ಉದ್ದ ಮೇಜು. ಅಂಬಾದಾಸ ಮಾಸ್ತರರು ಮೇಜಿನ ತುದಿಗೆ ಶಾಲು ಹೊದ್ದು ಕೂತಿದ್ದರು. ಆ ಬಿಸಿಲಲ್ಲೂ ಶಾಲಿನ ಸೆರಗು ಬಾಯಿಯ ಮೇಲಿತ್ತು. ಮಾತು ತೊದಲುತ್ತಿತ್ತು. ದುಃಖ ಮನುಷ್ಯನನ್ನು ಎಷ್ಟು ಇಳಿಸುತ್ತದೆ ನೋಡು ಎಂದು ಯಾಕೂಬನಿಗೆ ಕನಿಕರವಾಯಿತು. ಗೊಲ್ಲಾಳಪ್ಪ ಬಾಗಿಲ ಹೊರಗೆ ನಿಂತಿದ್ದ, ಒಳಗೆ ಬರಬೇಡವೆಂದು ಅವನಿಗೆ ಹೇಳಿದ್ದರಂತೆ.

ಉಳಿದ ವಹಿಯನ್ನು ಮಾಸ್ತರರು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೇಲಿಟ್ಟಿದ್ದರು. ಬಿಚ್ಚಿ ನೋಡಬೇಕೆಂದು ಸಖೂಬಾಯಿ ಕೇಳಿದಾಗ ಅವರು ಒಪ್ಪಲಿಲ್ಲ. "ಬ್ಯಾಡ್ರಿ. ನೋಡಿದ್ರ ಕರಳು ಸುಡತದ. ಪಂಚರೂ ಬಿಚ್ಚಲಿಲ್ಲ," ಎಂದರು. ಸಖೂಬಾಯಿ ಗಾಯದ ಪಟ್ಟಿ ಬಿಚ್ಚುವಾಗಿನ ದನಿಯಲ್ಲಿ, ಒಂದು ಕ್ಷಣದ ಕೆಲಸ, ನೀವು ಆ ಕಡೆ ನೋಡಿರಿ ಎಂದು ಹೇಳಿ ಗಂಟು ಬಿಚ್ಚಿಯೇ ಬಿಟ್ಟರು.

ದಪ್ಪ ರಟ್ಟಿನ ಹೊದಿಕೆಯ ಒಂದು ಮೂಲೆ ಹರಿದು ನೇತಾಡುತ್ತಿತ್ತು. ಅದರ ಮೇಲ್ಮೈಯಲ್ಲಿ ಹಲ್ಲಿನ ಗುರುತುಗಳ ಒಂದು ಕಮಾನು, ತಿರುವಿ ಹಾಕಿದರೆ ಒಳಮೈಯಲ್ಲಿ ಇನ್ನೊಂದು ಕಮಾನು. ಮೊದಲಿನ ಹಾಳೆಗಳ ಅಂಚು ಮಾತ್ರ ಹೋಗಿತ್ತು, ಬರಹವೆಲ್ಲ ಇತ್ತು. ೧೯೬೨ರ ದೀಪಾವಳಿಯವರೆಗೆ ಹೀಗೆ. ಅಲ್ಲಿಂದ ಮುಂದೆ ಒಂದು ಹಾಳೆಯೂ ಇಲ್ಲ, ಹೊಲಿಗೆಯ ದಾರ ಬೋಳಾಗಿ ನಿಂತಿತ್ತು. ಕಾಗದದ ಮೇಲೆ ಅಲ್ಲಲ್ಲಿ ಬಿಳಿಯ ಪುಡಿ ಒಣಗಿತ್ತು. ಸಖೂಬಾಯಿ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟರು, ಯಾಕೂಬನ ಅಂಗೈಗೂ ಒಂದಿಷ್ಟು ಹಾಕಿದರು. ಉಪ್ಪು.

ಊಟದ ಹೊತ್ತಿಗೆ ಸಿದ್ದರಾಯಪ್ಪನವರ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಬಂತು. ಮಾಸ್ತರರು ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ, ಶಾಲಿನ ಮರೆಯಲ್ಲಿ ನುಂಗಿದರು. ಹಿಂಡಿ ಮುಟ್ಟಲಿಲ್ಲ. ಬಾಬಲೇಶ್ವರದಲ್ಲಿ ತಂಗಿಯ ಮನೆಗೆ ಹೋಗಿ ನಿನ್ನೆಯಷ್ಟೇ ಬಂದೆ, ಅಲ್ಲಿಯೂ ಊಟ ಸೇರಲಿಲ್ಲ ಎಂದರು. ಸಿದ್ದರಾಯಪ್ಪನವರೇನೋ ಮನಸಾರೆ ಉಂಡರು. ಸೋಮವಾರ ಎಲ್ಲಿದ್ದಿರಿ ಎಂದು ಸಖೂಬಾಯಿ ಕೇಳಿದ್ದಕ್ಕೆ, ಹೊಲದಲ್ಲಿ ಆರು ಆಳುಗಳ ಜೊತೆ ಜೋಳ ಕೀಳಿಸುತ್ತಿದ್ದೆ ಎಂದು ಆರೂ ಜನರ ಹೆಸರು ಹೇಳಿದರು.

"ಸುಡತೇನಿ ಅಂದಿದ್ದು ಖರೇ ಐತ್ರಿ. ಆಡಿಗೆ ತಿನ್ನಸ್ತೇನಿ ಅಂತ ಎಂದೂ ಅಂದಿಲ್ಲ," ಎಂದು ನಕ್ಕರು ಸಿದ್ದರಾಯಪ್ಪ. ಯಾಕೂಬನ ಕಳ್ಳ ಹೀಗೆ ಕೈತಪ್ಪಿದ.

ಆಮೇಲೆ ಸಖೂಬಾಯಿ ಅಂಚೆಯ ಸಾಬಣ್ಣನನ್ನು ಕರೆಸಿದರು. ಧಾರವಾಡದಿಂದ ಮಾಸ್ತರರಿಗೆ ಏನಾದರೂ ಬಂದಿತ್ತೇ ಎಂದು ಕೇಳಿದಾಗ ಅವನು ಮುಚ್ಚುಮರೆ ಮಾಡಲಿಲ್ಲ. ಮೊದಲು ಬಂದ ಲಕೋಟೆಯನ್ನು ಮಾಸ್ತರರು ಊರಿಗೆಲ್ಲ ತೋರಿಸಿದ್ದರು. ಹಿಂದಿನ ಶನಿವಾರ ಬಂದದ್ದು ಕಾರ್ಡು, ಅದನ್ನು ಯಾರಿಗೂ ತೋರಿಸಲಿಲ್ಲ. ಹದಿನೈದನೇ ತಾರೀಖು ತಮ್ಮ ಕಡೆಯ ಒಬ್ಬ ಪಂಡಿತರು ಬರುತ್ತಾರೆ, ಒಂದೊಂದು ಸಂಗತಿ ಯಾವ ಪುಸ್ತಕದಿಂದ ಬಂತೆಂದು ತೋರಿಸಬೇಕು ಎಂದು ಅದರಲ್ಲಿತ್ತು. "ಕಾರ್ಡು ಓದೂದೇನ ತಪ್ಪಲ್ರಿ. ಅದು ಬಿಚ್ಚೇ ಬರತೈತಿ," ಎಂದ ಸಾಬಣ್ಣ.

ಆ ರಾತ್ರಿ ರಾಚವ್ವನ ಮನೆಯಲ್ಲಿ ಉಳಿದು, ಶುಕ್ರವಾರ ಬೆಳಗಾಗುತ್ತಲೇ ಬಾಬಲೇಶ್ವರಕ್ಕೆ ಟಾಂಗಾ ಹೊಡೆ ಎಂದರು ಸಖೂಬಾಯಿ. ಯಾಕೂಬನಿಗೆ ರೇಗಿ ಹೋಯಿತು. ಕುದುರೆಗೆ ದಣಿವಾಗಿದೆ, ಸಂಜೆಗೆ ಪಂಚರು ಕೂಡುತ್ತಾರೆ, ಈ ಹೊತ್ತಿನಲ್ಲಿ ಮಾಸ್ತರರ ತಂಗಿಯ ಮನೆಯ ಚಹಾ ಕುಡಿಯಬೇಕೇ ಎಂದು ಅಂದೇ ಬಿಟ್ಟ. ಆದರೆ ಅವರು ತಂಗಿಯ ಮನೆಯನ್ನು ಕೇಳಲೇ ಇಲ್ಲ. ಸಂತೆಬೀದಿಯಲ್ಲಿ ಒಂದು ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯ ಹಲಗೆಯ ಮೇಲೆ ದೊಡ್ಡ ದವಡೆಯ ಚಿತ್ರ, ಕೆಳಗೆ ಅಬ್ದುಲಸಮದ ಎಂಬ ಹೆಸರು. ಅರ್ಧ ತಾಸು ಯಾಕೂಬ ಹೊರಗೆ ಟಾಂಗಾದ ಸುತ್ತ ಸುತ್ತಿದ. ಸಖೂಬಾಯಿ ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಹೊರಗೆ ಬಂದರು, ಮುಖ ಮಾತ್ರ ಗೆದ್ದವರ ಮುಖವಾಗಿರಲಿಲ್ಲ. ಇದು ಸುಳ್ಳಾಗಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು. ಯಾಕೂಬ ಕುದುರೆಯನ್ನು ಬೇಕಾದದ್ದಕ್ಕಿಂತ ಜೋರಾಗಿ ಓಡಿಸಿದ.

ಸಂಜೆ ಬಿಸಿಲು ಇರುವಾಗಲೇ ವಾಚನಾಲಯ ತುಂಬಿತು. ಸಿದ್ದರಾಯಪ್ಪ ಮತ್ತು ನಾಲ್ವರು ಪಂಚರು ಮೇಜಿನ ಒಂದು ಬದಿಗೆ, ಶಾಲು ಹೊದ್ದ ಮಾಸ್ತರರು ಇನ್ನೊಂದು ಬದಿಗೆ. ಸಖೂಬಾಯಿ ಮೊದಲು ಗೊಲ್ಲಾಳಪ್ಪನನ್ನು ಒಳಗೆ ಕರೆದರು, ಹರಿದ ಹೊದಿಕೆಯನ್ನು ಅವನ ಕೈಗೆ ಕೊಟ್ಟು ಇದನ್ನು ಯಾರು ಕಚ್ಚಿದ್ದಾರೆ ಹೇಳು ಎಂದರು.

ಸೋಮವಾರ ಅವನು ಆಡನ್ನು ಹೊರಗೆಳೆಯುವಷ್ಟರಲ್ಲಿ ಮಾಸ್ತರರು ವಹಿಯನ್ನು ಎತ್ತಿಕೊಂಡಿದ್ದರು, ಅದನ್ನು ಅವನು ಹತ್ತಿರದಿಂದ ನೋಡಿದ್ದು ಆವತ್ತೇ ಮೊದಲ ಸಲ. ಬೆಳಕಿಗೆ ಹಿಡಿದ, ತಿರುವಿದ, ಮತ್ತೆ ತಿರುವಿದ.

"ಇದು ಆಡು ಕಚ್ಚಿದ್ದಲ್ರಿ. ಆಡಿಗೆ ಮ್ಯಾಲ ಮುಂದಿನ ಹಲ್ಲ ಎಲ್ಲಿರತಾವ್ರಿ? ಕುರಿಗೂ ಇಲ್ಲ, ಎತ್ತಿಗೂ ಇಲ್ಲ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಸಿದ್ದರಾಯಪ್ಪ ಹಣೆ ಬಡಿದುಕೊಂಡರು. ಪ್ರತಿ ಸಂತೆಯಲ್ಲೂ ಎತ್ತಿನ ಬಾಯಿ ಬಿಡಿಸಿ ಕೆಳಗಿನ ಹಲ್ಲು ಎಣಿಸುವ ಜನ ಅವರೆಲ್ಲ. ಯಾಕೂಬನಿಗಂತೂ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕುದುರೆಗೆ ಮೇಲೂ ಕೆಳಗೂ ಹಲ್ಲಿದ್ದ ಮಾತ್ರಕ್ಕೆ ಜಗತ್ತಿಗೆಲ್ಲ ಇರಬೇಕೆಂದು ತಿಳಿದು, ಹರೆಯದ ಆಡನ್ನು ಮುದಿ ಮಾಡಿದ್ದ.

"ನಿಮಗೆಲ್ಲಾ ಗೊತ್ತಿದ್ದ ಮಾತ ಇದು," ಎಂದರು ಸಖೂಬಾಯಿ. "ಆದ್ರ ಗಂಟು ಬಿಚ್ಚಿ ಯಾರೂ ನೋಡಲಿಲ್ಲ. ನೋಡಿದ್ರ ಗೊತ್ತಾಗವಾಂವ ಒಬ್ಬ ಇದ್ದ. ಅವನ್ನ ಬಾಗಿಲದ ಹೊರಗ ನಿಂದ್ರಿಸಿದ್ರಿ."

ಮುಂದಿನದನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು. ಹಾಳೆಗೆ ಉಪ್ಪುನೀರು ಸವರಿದ್ದು ಆಡು ತಾನಾಗಿ ನೆಕ್ಕಲಿ ಎಂದು. ಅಂದರೆ ಯಾರೋ ಚಿಲಕ ತೆಗೆದರು, ಹಿತ್ತಲಿನ ಆಡನ್ನು ಬಿಚ್ಚಿ ಒಳಗೆ ಬಿಟ್ಟರು. ಆಡು ಅಂಚು ತಿಂದಿತು, ರಟ್ಟನ್ನು ಮುಟ್ಟಲಿಲ್ಲ. ರಟ್ಟು ಇದ್ದಂತೆಯೇ ಉಳಿದರೆ ಜನ ನಂಬಲಿಕ್ಕಿಲ್ಲವೆಂದು ಹೆದರಿ ಅದನ್ನು ಮನುಷ್ಯನೇ ಕಚ್ಚಿ ಹರಿದ. ಇನ್ನು, ಆಡು ತಾರೀಖು ನೋಡಿ ತಿನ್ನುವುದಿಲ್ಲ. ೧೯೬೨ರ ದೀಪಾವಳಿಯ ನಂತರದ್ದು ಮಾತ್ರ ಬುಡಸಮೇತ ಹೋಗಿದೆ ಎಂದರೆ ಆ ಹಾಳೆಗಳು ಇರಬಾರದೆಂದು ಯಾರಿಗೋ ಬೇಕಾಗಿತ್ತು. ಸಿದ್ದರಾಯಪ್ಪನವರಿಗೆ ಬೇಡವಾದ ತೋಪಿನ ಸಂಗತಿ ೧೯೬೧ರದ್ದು, ಅದು ವಹಿಯಲ್ಲಿ ಹಾಗೇ ಇದೆ. ಅವರು ಮಾಡಿದ್ದರೆ ಅದನ್ನೇ ಬಿಡುತ್ತಿದ್ದರೇ? ಹಾಗಾದರೆ ಹದಿನೈದನೇ ತಾರೀಖಿಗೆ ಹೆದರಿದವರು ಯಾರು? ಸಾಬಣ್ಣ ಎದ್ದು ನಿಂತು ಕಾರ್ಡಿನ ಮಾತು ಹೇಳಿದ.

ಎಲ್ಲರ ಕಣ್ಣು ಮೇಜಿನ ಆ ಬದಿಗೆ ತಿರುಗಿತು. ಸಖೂಬಾಯಿ ಕರವಸ್ತ್ರ ಬಿಚ್ಚಿದರು. ಒಳಗೆ ಕಟ್ಟಿಸಿದ ಹಲ್ಲಿನ ಮೇಲಿನ ಸಾಲು, ನಡುವೆ ಹೊಸದಾಗಿ ಬೆಸೆದ ಬಿರುಕು. ರಟ್ಟಿನ ಮೇಲಿನ ಕಮಾನಿಗೆ ಇಟ್ಟರೆ ಅದು ತನ್ನ ಜಾಗಕ್ಕೆ ಬಂದಂತೆ ಕೂತಿತು.

"ರಟ್ಟು ಕಚ್ಚಿದಾಗ ಸೀಳಿದ್ದನ್ನ ಮಂಗಳವಾರ ಬಾಬಲೇಶ್ವರಕ್ಕ ರಿಪೇರಿಗೆ ಕೊಟ್ಟು ಬಂದಿದ್ರಿ ಮಾಸ್ತರ್ರ. ನಿಮಗ ಮುಟ್ಟಸ್ತೇನಿ ಅಂತ ಅಬ್ದುಲಸಮದಗ ಹೇಳಿ ತಂದೇನಿ," ಎಂದರು ಅವರು. "ನಾಕ ದಿನದಿಂದ ಈ ವಾಚನಾಲಯದಾಗ ಮ್ಯಾಲಿನ ಹಲ್ಲಿಲ್ಲದವರು ಇಬ್ಬರು. ಒಂದು ಹಿತ್ತಲದಾಗಿನ ಆಡು, ಇನ್ನೊಬ್ಬರು ನೀವು."

ಮಾಸ್ತರರು ಶಾಲನ್ನು ಬಾಯಿಂದ ತೆಗೆದರು. ಮೇಲ್ದುಟಿ ಒಳಕ್ಕೆ ಹೋದ ಆ ಮುಖ ಹತ್ತು ವರ್ಷ ಮುದಿಯಾಗಿತ್ತು. ಕೇಳದೆಯೇ ಎಲ್ಲ ಹೇಳಿದರು. ಆ ಎರಡು ಕಪಾಟಿನ ಪುಸ್ತಕಗಳೆಲ್ಲ ೧೯೬೨ರ ಹೊತ್ತಿಗೆ ಮುಗಿದಿದ್ದವು. ಹೊಸ ಪುಸ್ತಕ ಬರಲಿಲ್ಲ. ಹಲಗೆಯ ಮುಂದೆ ಜನ ಬಂದು ನಿಲ್ಲುವುದು ಮಾತ್ರ ನಿಲ್ಲಲಿಲ್ಲ. ದೀಪಾವಳಿಯ ಮರುದಿನ ಬರೆಯಲು ಏನೂ ಇರದಿದ್ದಾಗ ಒಂದನ್ನು ತಾವೇ ಹುಟ್ಟಿಸಿ ಬರೆದರು. ಭಲೇ ಮಾಸ್ತರ್ರ ಎಂದು ಜನ ತಲೆದೂಗಿದರು. ಆಮೇಲೆ ಅದೇ ಸಲೀಸಾಯಿತು. ಸಮುದ್ರದ ತಳದ ಸಂಗತಿ ಬರೆದ ಮನುಷ್ಯ ಹಿತ್ತಲಿನ ಆಡಿನ ಬಾಯಿಯನ್ನು ಒಮ್ಮೆಯೂ ನೋಡಿರಲಿಲ್ಲ. ಗೊಲ್ಲಾಳಪ್ಪನಿಗೆ ಬೈಗುಳವಷ್ಟೇ ಬಿದ್ದೀತು ಎಂದುಕೊಂಡಿದ್ದರಂತೆ. ಕೆಲಸದ ತನಕ ಹೋಗುತ್ತದೆಂದು ಗೊತ್ತಾದಾಗ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಇದು ತಪ್ಪಲ್ಲ, ಪಾಪ ಎಂದು ಅವರೇ ಅಂದರು.

ತೋಪಿನದೂ ಹುಟ್ಟಿಸಿದ್ದೇ ಇರಬೇಕಲ್ಲ ಎಂದು ಸಿದ್ದರಾಯಪ್ಪ ಆಸೆಯಿಂದ ಕೇಳಿದರು. ಅದು ಪುಸ್ತಕದಲ್ಲಿದ್ದದ್ದೇ ಎಂದು ಉತ್ತರ ಬಂತು. ಅವರು ಮೀಸೆಯ ಮೇಲಿನ ಕೈ ಇಳಿಸಿ, ತಕರಾರಿನ ಕಾಗದವನ್ನು ಹರಿದು ಹಾಕಿದರು. ಗೊಲ್ಲಾಳಪ್ಪ ಒಂಬತ್ತು ವರ್ಷ ಸರಿಯಾಗಿ ದುಡಿದಿದ್ದಾನೆಂದು ತಾವೇ ಬರೆದು ಕಳಿಸುವುದಾಗಿ ಹೇಳಿದರು. ಕೆಲಸ ಉಳಿಯಿತು. ಯಾಕೂಬ ಟಾಂಗಾ ಕಟ್ಟಲು ಎದ್ದ.

ಆದರೆ ಗೊಲ್ಲಾಳಪ್ಪನಿಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. ಅವನು ಮಾಸ್ತರರ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

"ನನಗ ಓದಾಕ ಬರೂದಿಲ್ರಿ ಮಾಸ್ತರ್ರ. ನೀವು ಬರದ ಮ್ಯಾಲ ದಿನಾ ನನಗ ಓದಿ ಹೇಳತಿದ್ರಿ. ಎರಡ ವರ್ಸದ ಹಿಂದ ಒಂದು ಹೇಳಿದ್ರಿ. ಮನಷ್ಯಾ ಸತ್ತ ಮ್ಯಾಲೂ ಮೂರ ದಿನ ಕಿವಿ ಕೇಳತಾವ ಅಂತ. ಅದು ಪುಸ್ತಕದಾಗಿಂದೇನ್ರಿ?"

ಊರಿಗೆ ಗೊತ್ತಿದ್ದದ್ದನ್ನು ಪಕ್ಕದ ಸಾಬಣ್ಣ ಯಾಕೂಬನ ಕಿವಿಯಲ್ಲಿ ಹೇಳಿದ. ಆ ವರ್ಷ ಗೊಲ್ಲಾಳಪ್ಪನ ತಾಯಿ ಬೋರವ್ವ ಕನಮಡಿಯಲ್ಲಿ ತೀರಿಕೊಂಡಿದ್ದಳು. ತಾಯಿಯ ಜೊತೆ ಜಗಳಾಡಿ ಮನೆ ಬಿಟ್ಟು ಬಂದ ಮಗ, ಜನ ಮಣ್ಣು ಕೊಟ್ಟ ಮೇಲಷ್ಟೇ ಊರು ಮುಟ್ಟಿದ್ದ. ಮೂರು ದಿನ ಗೋರಿಯ ಹತ್ತಿರ ಕೂತು ಒಬ್ಬನೇ ಮಾತಾಡಿದ್ದ. ತಲೆ ಕೆಟ್ಟಿದೆ ಎಂದು ಜನ ದೂರ ಸರಿದಿದ್ದರು.

ಮಾಸ್ತರರು ಇನ್ನೊಂದು ಸುಳ್ಳು ಹೇಳಿಬಿಡಲಿ ದೇವರೇ ಎಂದು ಯಾಕೂಬ ಮನಸ್ಸಿನಲ್ಲೇ ಬೇಡಿಕೊಂಡ. ಸಖೂಬಾಯಿಯ ಮುಖವೂ ಅದನ್ನೇ ಬೇಡುವಂತಿತ್ತು.

"ಸುಳ್ಳು, ಗೊಲ್ಲಾಳಪ್ಪ," ಎಂದರು ಮಾಸ್ತರರು. "ಅವತ್ತ ಏನೂ ಹೊಳೀಲಿಲ್ಲ. ಸುಮ್ಮನ ಬರದೆ."

ಗೊಲ್ಲಾಳಪ್ಪ ನೆಲ ನೋಡುತ್ತ ಯಾರಿಗೂ ಅಲ್ಲದಂತೆ ಹೇಳಿದ.

"ಆಕಿ ಕೇಳ್ಯಾಳ ಅಂತ ತಿಳಕೊಂಡು ಎರಡ ವರ್ಸ ನಿದ್ದಿ ಮಾಡೇನಿ. ಇನ್ನ ಹ್ಯಾಂಗ ಮಾಡಲಿ?"

ಸಖೂಬಾಯಿ ಹಲ್ಲಿನ ಸಾಲನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಮಾಸ್ತರರ ಮುಂದಿಟ್ಟರು. ಹೊರಗೆ ಆಡು ಹಿಡಿದು ನಿಂತಿದ್ದ ರಾಚವ್ವ ಹಗ್ಗವನ್ನು ಅಲ್ಲಿಯೇ ಬಿಟ್ಟು ಒಳಗೆ ಬಂದಳು. ಗಂಡಸರು ಕೂತ ಕೋಣೆಗೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಗಂಡನ ಪಕ್ಕದಲ್ಲಿ ನೆಲಕ್ಕೆ ಕೂತಳು.

"ನಾ ಕೇಳೇನಿ," ಎಂದಳು. "ಮೂರೂ ದಿನ ಗೋರಿ ಬಾಜೂಕಿನ ಬನ್ನಿ ಗಿಡದ ಹಿಂದ ಕುಂತು ಕೇಳೇನಿ. ನಿನ್ನ ಒಬ್ಬನ್ನ ಬಿಟ್ಟು ಹ್ಯಾಂಗ ಹೋಗಲಿ ಅಂತ ಕುಂತಿದ್ದೆ. ನೀ ಆಡಿದ ಒಂದೊಂದು ಮಾತೂ ನನಗ ನೆನಪೈತಿ. ಏಳ ಇನ್ನ. ಮನೀಗೆ ಹೋಗೂಣು."

ಗೊಲ್ಲಾಳಪ್ಪ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. ಆಕೆ ಕೈ ಕೊಟ್ಟಳು, ಅವನು ಹಿಡಿದು ಎದ್ದ. ಇಬ್ಬರೂ ಹೊರಗೆ ಹೋದರು.